ಪಠ್ಯದೊಳಗೆ ನಮ್ಮ ಊರು

ಬ್ರಿಟಿಷರ ಆಳ್ವಿಕೆಯಲ್ಲಿ ಕೆರಿಬಿಯನ್ ದ್ವೀಪಗಳ ಮಕ್ಕಳು ತಾವು ಕಂಡರಿಯದ ಡ್ಯಾಫೊಡಿಲ್ ಹೂವಿನ ಪದ್ಯವನ್ನು ಬಾಯಿಪಾಠ ಮಾಡುತ್ತಿದ್ದರು. 1972ರಲ್ಲಿ ತಮ್ಮದೇ ಪರೀಕ್ಷಾ ಮಂಡಳಿ ಹುಟ್ಟಿದ ಮೇಲೆ ಆ ನೆಲದ ಲೇಖಕರು ಪ್ರೌಢಶಾಲೆಯ ಪಠ್ಯದಲ್ಲಿ ಸ್ಥಾನ ಪಡೆದರು.

ನಮ್ಮ ಕರಾವಳಿಯ ಕಥೆಯೂ ಇದಕ್ಕೆ ತೀರ ದೂರದ್ದಲ್ಲ. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷು. ಇವುಗಳ ನಡುವೆಯೇ ಕಾರವಾರದ ಎಷ್ಟೋ ಮಕ್ಕಳು ಕನ್ನಡ ಅಕ್ಷರ ತಿದ್ದಿದರು.

ಅಂಕೋಲೆಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ, ಬಡಮಕ್ಕಳಿಗೂ ಪ್ರೌಢಶಾಲೆಯ ಬಾಗಿಲು ತೆರೆದರು. ಗಡಿಯಾರವನ್ನು ಕುರಿತ ಅವರ ಶಿಶುಗೀತೆ ಕನ್ನಡ ಮಕ್ಕಳ ನಾಲಿಗೆಯ ಮೇಲೆ ನಿಂತಿತು. ಶಾಲೆಯನ್ನು ಕಟ್ಟಿದ ಕೈಯೇ ಪದ್ಯವನ್ನೂ ಕೊಟ್ಟಿತು.

ಇಷ್ಟು ಸಾಲದು. 1930ರಲ್ಲಿ ಅಂಕೋಲೆಯ ಜನ ಉಪ್ಪಿನ ಕಾನೂನು ಮುರಿದರು. ದಂಡಿಯ ಪಾಠ ಓದುವ ಇಲ್ಲಿಯ ಮಗುವಿಗೆ ತನ್ನೂರಿನ ಕಡಲ ಉಪ್ಪಿನ ರುಚಿಯೂ ತಿಳಿಯಬೇಡವೆ?