ಗುಂಜಾಬೀಜ: ತೂಕವೂ ವಿಷವೂ

ಬೇಲಿಯ ಮೇಲೆ ಹಬ್ಬಿ, ಒಣಗಿದ ಕಾಯಿಗಳೊಡೆದಾಗ ಕೆಂಪು ಮೈಗೆ ಕಪ್ಪು ಬೊಟ್ಟಿಟ್ಟಂತಹ ಬೀಜಗಳನ್ನು ತೋರುವ ಗುಲಗಂಜಿಯ ಬಳ್ಳಿಯನ್ನು ಅರಿಯದವರು ಕನ್ನಡನಾಡಿನಲ್ಲಿ ವಿರಳ. ಸಂಸ್ಕೃತದಲ್ಲಿ ಇದಕ್ಕೆ ಗುಂಜಾ, ಕೃಷ್ಣಲಾ, ರಕ್ತಿಕಾ ಎಂಬ ಹೆಸರುಗಳುಂಟು. ಗೋಪಾಲಕೃಷ್ಣನಿಗೆ ಆಭರಣವಾಗಿ, ಅಕ್ಕಸಾಲಿಗನಿಗೆ ತೂಕದ ಬೊಟ್ಟಾಗಿ, ಮಕ್ಕಳಿಗೆ ಆಟದ ಕಾಯಾಗಿ ಒದಗಿದ ಈ ಬೀಜವೇ ಪ್ರಾಣಾಪಹಾರಕವಾದ ವಿಷವೂ ಆಗಿರುವುದು ವಿಚಾರಾರ್ಹವಾದ ಸಂಗತಿಯು.

ಐದು ಗುಂಜೆಗಳಿಗೆ ಒಂದು ಸುವರ್ಣಮಾಷಕ, ಅಂತಹ 16 ಮಾಷಕಗಳಿಗೆ ಒಂದು ಸುವರ್ಣ ಎಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. ಮನುಸ್ಮೃತಿಯ ಲೆಕ್ಕವೂ ಇದೇ. ಎಂದರೆ 80 ಬೀಜಗಳ ತೂಕವೇ ಒಂದು ಸುವರ್ಣ. ಮುಂದಿನ ಕಾಲದಲ್ಲಿ 96 ರತಿಗಳಿಗೆ ಒಂದು ತೊಲವೆಂಬ ಮಾನವು ರೂಢಿಗೆ ಬಂದಿತು. ರತಿ ಎಂಬ ಮಾತು ರಕ್ತಿಕಾ ಶಬ್ದದಿಂದಲೇ ಹುಟ್ಟಿದುದು. 1956ರ ಶಾಸನದಿಂದ ಮೆಟ್ರಿಕ್ ಮಾನವು ಬಂದ ಮೇಲೂ ‘ಗುಲಗಂಜಿಯ ತೂಕ’ವೆಂಬ ನುಡಿಯು ಜನರ ಬಾಯಲ್ಲಿ ಉಳಿದಿದೆ.

ಇದರ ವಿಷಗುಣವನ್ನು ಪ್ರಾಚೀನರು ಅರಿಯದೆ ಇರಲಿಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನವು ಎಂಟು ಮೂಲವಿಷಗಳ ಸಾಲಿನಲ್ಲಿ ಗುಂಜೆಯನ್ನು ಎಣಿಸಿದೆ. ಅನಂತರದ ರಸಶಾಸ್ತ್ರಕಾರರು ಇದನ್ನು ಉಪವಿಷಗಳಲ್ಲಿ ಸೇರಿಸಿ, ಬೀಜವನ್ನು ಹಾಲಿನಲ್ಲಾಗಲಿ ಕಾಂಜಿಯಲ್ಲಾಗಲಿ ಬೇಯಿಸಿ ಶೋಧಿಸಿದ ಹೊರತು ಔಷಧಕ್ಕೆ ಬಳಸಲಾಗದೆಂದು ವಿಧಿಸಿದರು. ಈ ವಿಷವು ಪ್ರೋಟೀನಿನ ಜಾತಿಗೆ ಸೇರಿದುದು, ಬಿಸಿಯಿಂದ ಕೆಡತಕ್ಕದ್ದು ಎಂಬ ಇಂದಿನ ತಿಳಿವಳಿಕೆಯು ಆ ವಿಧಿಯ ಮರ್ಮವನ್ನು ತೋರಿಸುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಹಿಂದೂಸ್ಥಾನದ ದುಷ್ಟರು ಇದೇ ಬೀಜವನ್ನು ಅರೆದು, ಸೂಜಿಯಂತೆ ತಿದ್ದಿ, ಬಿಸಿಲಿನಲ್ಲಿ ಒಣಗಿಸಿ, ಚರ್ಮದ ಆಸೆಗಾಗಿ ಪರರ ದನಗಳಿಗೆ ಚುಚ್ಚಿ ಕೊಲ್ಲುತ್ತಿದ್ದರು. ಅತ್ತ ಪ್ಯಾರಿಸ್ ನಗರದಲ್ಲಿ ವೆಕರ್ ಎಂಬ ನೇತ್ರವೈದ್ಯನು 1882ರಲ್ಲಿ ಬೀಜದ ನೀರನ್ನು ಕಣ್ಣಿನ ರೋಗಕ್ಕೆ ಪ್ರಯೋಗಿಸಿದನು. ಅದರಿಂದುಂಟಾಗುವ ಉರಿಯೂತಕ್ಕೆ ಸೂಕ್ಷ್ಮಜೀವಿಗಳೇ ಕಾರಣವೆಂಬ ವಾದವು ಹುಟ್ಟಲು, 1884ರಲ್ಲಿ ಕಲ್ಕತ್ತೆಯ ವಾರ್ಡನ್ ಮತ್ತು ವ್ಯಾಡೆಲ್ ಎಂಬವರು ಅದನ್ನು ಖಂಡಿಸಿ, ಬೀಜದಲ್ಲಿಯೇ ಇರುವ ವಿಷದ್ರವ್ಯವನ್ನು ಬೇರ್ಪಡಿಸಿ ತೋರಿಸಿದರು. ಅದೇ ಅಬ್ರಿನ್. 1891ರಲ್ಲಿ ಜರ್ಮನಿಯ ಪೌಲ್ ಏರ್ಲಿಖ್ ಇದನ್ನು ಇಲಿಗಳಿಗೆ ಅಲ್ಪಾಲ್ಪವಾಗಿ ಹೆಚ್ಚಿಸುತ್ತ ಕೊಟ್ಟು, ದೇಹವು ವಿಷಕ್ಕೆ ಪ್ರತಿವಿಷವನ್ನು ತಾನೇ ನಿರ್ಮಿಸಿಕೊಳ್ಳುವ ಬಗೆಯನ್ನು ಶೋಧಿಸಿದನು. ರೋಗನಿರೋಧಶಾಸ್ತ್ರದ ಅಸ್ತಿಭಾರಕ್ಕೆ ಗುಲಗಂಜಿಯೂ ಒಂದು ಕಲ್ಲನ್ನು ಒದಗಿಸಿತು.

ಇಷ್ಟಾದರೂ ಅಪಾಯವು ಹಳೆಯ ಕಥೆಯಾಗಿಲ್ಲ. ಇಡಿಯಾಗಿ ನುಂಗಿದ ಬೀಜವು ಗಟ್ಟಿಯಾದ ಸಿಪ್ಪೆಯ ಕಾರಣದಿಂದ ಬಹುಮಟ್ಟಿಗೆ ಹಾಗೆಯೇ ಹೊರಬೀಳುವುದುಂಟು. ಅಗಿದ ಬೀಜವೂ, ದಾರಕ್ಕಾಗಿ ತೂತುಮಾಡಿದ ಬೀಜವೂ ಹಾಗಲ್ಲ. ಇಂತಹ ಬೀಜಗಳಿಂದ ಮಾಡಿದ ಕೈಸರಗಳನ್ನು 2011ರಲ್ಲಿ ಇಂಗ್ಲೆಂಡಿನ ಅಂಗಡಿಗಳು ಕೊಂಡವರಿಂದ ಹಿಂದಕ್ಕೆ ಕರೆಯಿಸಿಕೊಂಡವು. ವಾಂತಿ, ರಕ್ತಭೇದಿ ಮೊದಲಾದ ಲಕ್ಷಣಗಳು ತೋರುವುದಕ್ಕೆ ಕೆಲವು ಗಂಟೆಗಳಾಗಲಿ, ಒಂದೆರಡು ದಿನಗಳಾಗಲಿ ಹಿಡಿಯಬಹುದು. ಇದಕ್ಕೆಂದೇ ನಿಯತವಾದ ಪ್ರತಿವಿಷವೂ ಇಲ್ಲ. ಆದುದರಿಂದ ಮಗುವು ಬೀಜವನ್ನು ಅಗಿದಿತೆಂಬ ಸಂಶಯ ಬಂದೊಡನೆ, ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯುವುದೇ ಯುಕ್ತವು.

ಸಾವಿರಾರು ವರ್ಷ ಚಿನ್ನವನ್ನು ತೂಗಿದ ಬೀಜವಿದು. ಮನೆಯ ಹಿರಿಯರ ಎಚ್ಚರವು ಗುಲಗಂಜಿಯಷ್ಟು ಕಡಮೆಯಾದರೂ ಅದು ತೂಗುವುದು ಪ್ರಾಣವನ್ನು.