ಸುರಪುರದ ಪತ್ರಗಳು, ಜೇವರ್ಗಿಯ ಸಮಾಧಿಗಳು: ಮೆಡೋಸ್ ಟೇಲರ್‌ನ ಇತಿಹಾಸದ ಓದು

ಕಾದಂಬರಿಕಾರ ಫಿಲಿಪ್ ಮೆಡೋಸ್ ಟೇಲರ್ (1808–1876) ತನ್ನ ಬಂಧುವೂ ಗೆಳೆಯನೂ ಆಗಿದ್ದ ಹೆನ್ರಿ ರೀವ್‌ಗೆ ಬರೆದ ಪತ್ರಗಳನ್ನು ಪ್ಯಾಟ್ರಿಕ್ ಕ್ಯಾಡೆಲ್ 1947ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಸುರಪುರ ಸಂಸ್ಥಾನದ ಆಡಳಿತಕ್ಕೆ ಇವು ಮುಖ್ಯ ಆಕರ. ಟೇಲರ್ ಇತಿಹಾಸವನ್ನು ಓದಿಕೊಂಡ ಬಗೆಗೂ ಇವು ಸಾಕ್ಷಿ ನುಡಿಯಬಲ್ಲವು. ಆದರೆ ಅದಕ್ಕೆ ಅವನದೇ ಜೇವರ್ಗಿಯ ಉತ್ಖನನ ವರದಿಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು ಎಂಬುದು ಈ ಲೇಖನದ ವಾದ.

ನಿಜಾಮನ ಸೇವೆಯಲ್ಲಿದ್ದ ಟೇಲರ್ 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರದಲ್ಲಿದ್ದ. ಬಳಿಕ ನಳದುರ್ಗಕ್ಕೆ ಹೋದ. ಸುರಪುರ ಜೇವರ್ಗಿಯ ದಕ್ಷಿಣಕ್ಕಿದೆ, ನಳದುರ್ಗ ಆಳಂದದ ವಾಯವ್ಯಕ್ಕಿದೆ. ಆಳಂದ, ಅಫಜಲಪುರ, ಜೇವರ್ಗಿಗಳು ಅವನ ಈ ಎರಡು ಕಾರ್ಯಕ್ಷೇತ್ರಗಳ ನಡುವಿನ ಸೀಮೆ. ಬಹಮನಿ, ಆದಿಲಶಾಹಿಗಳ ಈ ನಾಡಿನ ಆಸುಪಾಸಿನ ಚರಿತ್ರೆಯೇ ಮುಂದೆ ‘ತಾರಾ’ (1863) ಮತ್ತು ಚಾಂದಬೀಬಿಯನ್ನು ಕುರಿತ ‘ಎ ನೋಬಲ್ ಕ್ವೀನ್’ (1878) ಕಾದಂಬರಿಗಳ ವಸ್ತುವಾಯಿತು.

ಪತ್ರ ಪಡೆಯುತ್ತಿದ್ದವನು ಸಾಮಾನ್ಯ ಓದುಗನಲ್ಲ. ರೀವ್ ತೊಕ್ವಿಲ್‌ನ ಅಮೆರಿಕ ಕುರಿತ ಗ್ರಂಥದ ಇಂಗ್ಲಿಷ್ ಅನುವಾದಕ, ‘ಟೈಮ್ಸ್’ ಪತ್ರಿಕೆಯ ಲೇಖಕ, 1855ರಿಂದ ‘ಎಡಿನ್‌ಬರೋ ರಿವ್ಯೂ’ ಸಂಪಾದಕ. ಟೇಲರ್ ಕೂಡ ‘ಟೈಮ್ಸ್’ಗೆ ಭಾರತದಿಂದ ಬರೆಯುತ್ತಿದ್ದ. ಆದ್ದರಿಂದ ಈ ಪತ್ರಗಳಲ್ಲಿ ಗೆಳೆತನದ ಸಲಿಗೆಯ ಜೊತೆಗೆ ಲಂಡನ್ನಿನ ವಿದ್ವದ್ವಲಯದ ಕಡೆಗಿನ ನೋಟವೂ ಇದೆಯೆಂದು ಭಾವಿಸಿಯೇ ಓದಬೇಕಾಗುತ್ತದೆ. ಆಳುವ ಅಧಿಕಾರಿ ತನ್ನ ಆಡಳಿತವನ್ನು ತಾನೇ ಬಣ್ಣಿಸುವ ಬರಹವಿದು ಎಂಬುದನ್ನೂ ಮರೆಯಲಾಗದು.

ಜೇವರ್ಗಿಯ ಬೃಹತ್ ಶಿಲಾ ಸಮಾಧಿಗಳನ್ನು ಟೇಲರ್ ಅಗೆಸಿ ಅಲ್ಲಿನ ಅಸ್ಥಿಪಂಜರ, ಮಡಕೆಗಳನ್ನು ದಾಖಲಿಸಿದ. ಮಣ್ಣಿನ ಪದರಗಳನ್ನು ತೋರಿಸುವ ಅವನ ಛೇದನಕ್ಷೆಗಳನ್ನು ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಮೆಚ್ಚಿದ್ದುಂಟು. ಆದರೆ ಅರ್ಥೈಸುವ ಹೊತ್ತಿಗೆ ಟೇಲರ್ ಯುರೋಪಿನ ಗ್ರಂಥಗಳಿಗೆ ಮರಳಿದ. ದಖನ್ನಿನ ಈ ಸಮಾಧಿಗಳಿಗೆ ಕೆಲ್ಟ್, ಸಿಥಿಯನ್ ಜನರ ನಂಟನ್ನು ಕಲ್ಪಿಸಿದ. ಇಂದಿನ ವಿದ್ವಾಂಸರು ಇವನ್ನು ದಕ್ಷಿಣ ಭಾರತದ ಕಬ್ಬಿಣ ಯುಗದ ಸಂಸ್ಕೃತಿಗೆ ಸೇರಿಸುತ್ತಾರೆ. ಕಣ್ಣು ಕಂಡದ್ದನ್ನು ಕೈ ನಿಖರವಾಗಿ ಬರೆದಿದೆ. ತೀರ್ಮಾನವನ್ನು ಮಾತ್ರ ಮೊದಲೇ ಓದಿದ ಪುಸ್ತಕ ಬರೆದಿದೆ.

ಪತ್ರಗಳಿಗೂ ಇದೇ ಅಳತೆಗೋಲು ಸಲ್ಲುತ್ತದೆ. ಟೇಲರ್ ಕಂಡು ಬರೆದ ವಿವರಗಳನ್ನು ಸ್ವೀಕರಿಸಿ, ಅವನ ತೀರ್ಮಾನಗಳನ್ನು ಸುರಪುರದ ಸ್ಥಳೀಯ ದಾಖಲೆ, ಶಾಸನ, ಮೌಖಿಕ ಪರಂಪರೆಗಳೊಡನೆ ತಾಳೆ ನೋಡಬೇಕು. ಪತ್ರಗಳನ್ನೂ ಜೇವರ್ಗಿಯ ವರದಿಯನ್ನೂ ಒಂದೇ ಸಂಪುಟದಲ್ಲಿ, ಟಿಪ್ಪಣಿಗಳೊಂದಿಗೆ ಕನ್ನಡಕ್ಕೆ ತರುವ ಕೆಲಸವನ್ನು ಕಲಬುರಗಿ ಸೀಮೆಯ ಸಂಶೋಧಕರು ಕೈಗೆತ್ತಿಕೊಳ್ಳಬೇಕು.