ಲಿಂಕನ್ನಿನ ಕಲ್ಲುಮನೆ

ಇಂಗ್ಲೆಂಡಿನ ಲಿಂಕನ್ ನಗರವನ್ನು ಕಾಣಹೋದವರ ದೃಷ್ಟಿ ಮೊದಲು ಏರುವುದು ಬೆಟ್ಟದ ನೆತ್ತಿಗೆ. ಅಲ್ಲಿ ಒಂದು ಕಡೆ ಕೋಟೆ. ಅದರೆದುರಿಗೆ ಕೆಥೆಡ್ರಲ್, ಎಂದರೆ ಬಿಷಪ್ಪನ ಪೀಠವಿರುವ ಮಹಾ ಇಗರ್ಜಿ. ಎರಡನ್ನೂ ಮೊದಲು ಕಟ್ಟಿದವರು ನಾರ್ಮನ್ನರು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆ 1068ರಲ್ಲಿಯೇ ಇಲ್ಲಿ ಕೋಟೆಯನ್ನು ಕಟ್ಟಿಸತೊಡಗಿದನು. ಅದಕ್ಕಾಗಿ 166 ಮನೆಗಳು ಅಳಿದುವೆಂದು, 1086ರಲ್ಲಿ ಅವನೇ ಮಾಡಿಸಿದ ಡೂಮ್ಸ್‌ಡೇ ಎಂಬ ಭೂದಾಖಲೆ ಹೇಳುತ್ತದೆ.

1092ರಲ್ಲಿ ಪ್ರತಿಷ್ಠೆಗೊಂಡ ಕೆಥೆಡ್ರಲ್ 1185ರ ಭೂಕಂಪದಲ್ಲಿ ಬಿರಿಯಿತು. ಬಿಷಪ್ ಹ್ಯೂ 1192ರಿಂದ ಅದನ್ನು ಮೊನಚು ಕಮಾನುಗಳ ಗಾಥಿಕ್ ಶೈಲಿಯಲ್ಲಿ ಪುನಃ ಕಟ್ಟಿಸಿದನು. ಪಶ್ಚಿಮದ ಮುಖದಲ್ಲಿ ಮಾತ್ರ ನಾರ್ಮನ್ನರ ದುಂಡು ಕಮಾನುಗಳು ಇಂದಿಗೂ ನಿಂತಿವೆ.

ಅಲ್ಲಿಂದ ಕಡಿದಾದ ಬೀದಿಯಲ್ಲಿ ಇಳಿದು ಬಂದರೆ ಹನ್ನೆರಡನೆಯ ಶತಮಾನದ ಒಂದು ಕಲ್ಲುಮನೆ ಎದುರಾಗುತ್ತದೆ. ಅದರ ಹೆಸರು ‘ಯೆಹೂದ್ಯನ ಮನೆ’. ಬಾಗಿಲಿಗೆ ಕೆತ್ತನೆಯ ದುಂಡು ಕಮಾನು. ಮಹಡಿಯ ಅಗ್ಗಿಷ್ಟಿಕೆಯ ಹೊಗೆಗೂಡು ಆ ಕಮಾನಿನ ಮೇಲೆಯೇ ಎದ್ದಿದೆ. ಸಾಮಾನ್ಯರು ಮರದ ಮನೆಗಳಲ್ಲಿ ವಾಸಿಸುತ್ತಿದ್ದ ಆ ಕಾಲದಲ್ಲಿ ಕಲ್ಲುಮನೆ ಸಿರಿವಂತಿಕೆಯ ಗುರುತು. ಲಿಂಕನ್ನಿನ ಯೆಹೂದ್ಯರಲ್ಲಿ ಅಂಥ ಸಿರಿವಂತರಿದ್ದರು. ಏರನ್ ಎಂಬ ಲೇವಾದೇವಿಗಾರನು 1186ರಲ್ಲಿ ತೀರಿಕೊಂಡಾಗ ದೊರೆ ಅವನ ಆಸ್ತಿಯನ್ನೆಲ್ಲ ವಶಪಡಿಸಿಕೊಂಡನು. ಬಾಕಿ ಸಾಲಗಳ ವಸೂಲಿಗೆಂದೇ ಖಜಾನೆಯಲ್ಲಿ ಪ್ರತ್ಯೇಕ ಶಾಖೆ ತೆರೆಯಬೇಕಾಯಿತು.

ಬಿಷಪ್ ಹ್ಯೂ ಈ ಜನರಿಗೆ ರಕ್ಷಣೆಯಾಗಿದ್ದನು. 1200ರಲ್ಲಿ ಅವನ ಶವಯಾತ್ರೆಯಲ್ಲಿ ಯೆಹೂದ್ಯರೂ ಅತ್ತರಂತೆ. ಆದರೆ 1255ರಲ್ಲಿ, ಹ್ಯೂ ಎಂಬ ಹೆಸರಿನವನೇ ಆದ ಬಾಲಕನೊಬ್ಬನ ಶವ ಬಾವಿಯಲ್ಲಿ ಸಿಕ್ಕಿತು. ಯೆಹೂದ್ಯರು ಅವನನ್ನು ಬಲಿಕೊಟ್ಟರೆಂಬ ಸುಳ್ಳು ಹಬ್ಬಿತು. ಮೂರನೆಯ ಹೆನ್ರಿ ದೊರೆ ಹತ್ತೊಂಬತ್ತು ಮಂದಿಯನ್ನು ಕೊಲ್ಲಿಸಿದನು. ಬಾಲಕನಿಗೆ ಕೆಥೆಡ್ರಲ್ಲಿನೊಳಗೆ ಸಮಾಧಿಯಾಯಿತು. ಈ ಕಲ್ಲುಮನೆಯ ಒಡತಿಯೆಂದು ಇಂದಿಗೂ ನೆನೆಯಲಾಗುವ ಬೆಲಸೆಟ್ ಎಂಬಾಕೆಯನ್ನು, ನಾಣ್ಯಗಳ ಅಂಚು ಕತ್ತರಿಸಿದಳೆಂಬ ಆರೋಪ ಹೊರಿಸಿ ಗಲ್ಲಿಗೇರಿಸಿದರು. 1290ರಲ್ಲಿ ಒಂದನೆಯ ಎಡ್ವರ್ಡ್ ದೊರೆ ಯೆಹೂದ್ಯರೆಲ್ಲರನ್ನೂ ದೇಶದಿಂದಲೇ ಹೊರಗಟ್ಟಿದನು.

ಜನರು ಹೋದರೂ ಸುಳ್ಳು ಹೋಗಲಿಲ್ಲ. ಅದು ಲಾವಣಿಗಳಲ್ಲಿ ಬೆಳೆಯಿತು. ಚಾಸರನಂಥ ಮಹಾಕವಿಯ ಕಾವ್ಯದೊಳಕ್ಕೂ ಬಂದಿತು. ಏಳು ಶತಮಾನಗಳು ಕಳೆದ ಮೇಲೆ, ಇಪ್ಪತ್ತನೆಯ ಶತಮಾನದ ನಡುವಿನಲ್ಲಿ, ಬಾಲಕನ ಸಮಾಧಿಯ ಅವಶೇಷದ ಬಳಿ ಕೆಥೆಡ್ರಲ್ಲಿನವರು ಒಂದು ಫಲಕವನ್ನಿಟ್ಟರು. ಆ ಕಥೆ ಕಟ್ಟುಕಥೆಯೆಂದು ಒಪ್ಪಿ, ಅದು ದೇವರಲ್ಲಿ ಕ್ಷಮೆ ಬೇಡುತ್ತದೆ.

ಬೆಟ್ಟದ ಮೇಲಿನ ವೈಭವವನ್ನಷ್ಟೇ ನೋಡಿ ಹಿಂದಿರುಗಿದವರು ಲಿಂಕನ್ನಿನ ಅರ್ಧ ಚರಿತ್ರೆಯನ್ನಷ್ಟೇ ಕಂಡವರು. ಇಳಿದು ಬರುವಾಗ ಆ ಕಲ್ಲುಮನೆಯ ಬಾಗಿಲ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು.